ಮಾಜಿ ಸಚಿವೆಗೆ ಸನ್ಮಾನ

ಸನ್ಮಾನ ಇನ್ನೇನು ಶುರುವಾಗಬೇಕು ಎನ್ನುವಾಗ ಜಮೀಲುನ್ನೀಸಾ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟಳು. ಹುಣಸೂರಿನ ಸಮುದಾಯ ಭವನದ ಹಿಂದಿನ ಕೋಣೆಯಲ್ಲಿ ನಿಂತು, ಕೆನಡಾದಲ್ಲಿ ತಾನು ಸಚಿವೆಯಾಗಿದ್ದ ಪ್ರಾಂತ್ಯದ ಮುಖ್ಯಮಂತ್ರಿಗೆ ಫೋನಿನಲ್ಲೇ ಹೇಳಿ ಮುಗಿಸಿದಳು.

ಅವಳ ಕ್ಷೇತ್ರದ ಹೆರಿಗೆ ವಾರ್ಡನ್ನು ಮುಚ್ಚಲು ಸರ್ಕಾರ ಹೊರಟಿತ್ತು. ಅದನ್ನು ಬಹಿರಂಗವಾಗಿ ಬೆಂಬಲಿಸಬೇಕು, ಇಲ್ಲವೇ ಸಂಪುಟ ಬಿಡಬೇಕು ಎಂದಿದ್ದ ಆತ. ಹುಣಸೂರಿನ ಬಡಗಿ ಜಾನ್ ಪಾಷಾರ ಈ ಮಗಳು ನರ್ಸಾಗಿ ಕೆನಡಾಕ್ಕೆ ಹೋದವಳು. ಅದೇ ವಾರ್ಡಿನಲ್ಲಿ ಅಲ್ಲಿನ ಊರಿನ ಅರ್ಧ ಮಕ್ಕಳನ್ನು ಮೊದಲು ಎತ್ತಿಕೊಂಡವಳು. ಒಂದು ಚುನಾವಣೆ ಸೋತು, ಮುಂದಿನದರಲ್ಲಿ ಹಿಮ ತುಳಿಯುತ್ತ ಮನೆಮನೆಗೂ ಹೋಗಿ, ವಾರ್ಡ್ ಮುಚ್ಚಲು ಬಿಡುವುದಿಲ್ಲ ಎಂದು ಮಾತು ಕೊಟ್ಟು ಗೆದ್ದಿದ್ದಳು. ಫೋನಿಟ್ಟಾಗ ಅವಳಿಗೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂಬುದಷ್ಟೇ ನೆನಪಾಯಿತು.

ಸಮಾರಂಭ ಏರ್ಪಡಿಸಿದ್ದ ಸೋಮಶೇಖರ್ ಅವಳ ಶಾಲೆಯ ಜೊತೆಗಾರ. ಸುದ್ದಿ ಕೇಳಿ ಕುರ್ಚಿಯಲ್ಲಿ ಕುಸಿದ.

"ಒಂದಿನ ತಡೀಬಾರ್ದಾಗಿತ್ತಾ ಜಮೀಲಾ? ಬಸ್ ಸ್ಟ್ಯಾಂಡಿಂದ ಇಲ್ಲೀಗಂಟ ಸಚಿವೆ ಅಂತ ಬ್ಯಾನರ್ ಕಟ್ಸಿವ್ನಿ. ಇವತ್ತೊಂದಿನ ಹೇಳ್ಬೇಡ ಕಣಮ್ಮ. ಇಲ್ಲಿ ಯಾರಿಗೂ ಗೊತ್ತಾಗಲ್ಲ."

"ಗೊತ್ತಾಗಲ್ಲ ಅಂತ ಸುಳ್ಳು ಹೇಳೋದಾ? ಏಳು, ಜನ ಕಾಯ್ತಾವ್ರೆ."

ವೇದಿಕೆಯ ಮೇಲೆ ತಾಲ್ಲೂಕಿನ ಹಿರಿಯ ಮುಖಂಡ ವೀರಭದ್ರಸ್ವಾಮಿಯವರು ಶಾಲು ಹೊದಿಸಿ, ಹಾರ ಹಾಕಿ, ಸಚಿವೆಯನ್ನು ಬಾಯ್ತುಂಬ ಹೊಗಳಿದರು. ಜಮೀಲುನ್ನೀಸಾ ಮೈಕಿನ ಮುಂದೆ ಬಂದಳು.

"ನಾನೀಗ ಸಚಿವೆ ಅಲ್ಲ. ಈ ಶಾಲು ಹೊದಿಸೋವಾಗಲೂ ಆಗಿರ್ಲಿಲ್ಲ. ವಾಪಸ್ ಬೇಕಂದ್ರೆ ಕೊಡ್ತೀನಿ."

ಜನ ನಕ್ಕರು. ಅವಳು ನಡೆದದ್ದನ್ನು ನಡೆದಂತೆಯೇ ಹೇಳತೊಡಗಿದಾಗ ನಗು ನಿಂತಿತು. ಮಾತು ಮುಗಿದ ಮೇಲೆ ಯಾರಿಗೂ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯಲಿಲ್ಲ. ಹನಗೋಡಿನಿಂದ ಬಂದಿದ್ದ ಪುಟ್ಟತಾಯಮ್ಮ ಹೆಂಗಸರ ಸಾಲಿನಲ್ಲಿ ಎದ್ದು ನಿಂತಳು.

"ಅಲ್ಲ ಕಣವ್ವ, ಕೊಟ್ಟ ಮಾತ್ಗೋಸ್ಕರ ಮಂತ್ರಿಗಿರಿನೇ ಬುಟ್ಬುಟ್ಯಾ?"

"ಬಿಟ್ಟೆ ಕಣವ್ವ. ಶಾಸಕಿಯಾಗಿ ಇದ್ದೀನಲ್ಲ, ಹೋಗಿ ವಾರ್ಡ್ ಮುಚ್ಚೋದ್ರ ವಿರುದ್ಧ ಓಟು ಹಾಕ್ತೀನಿ."

"ತಿರ್ಗ ಎಲೆಕ್ಷನ್ ಬಂದ್ರೆ?"

"ಅದೇ ಮಾತು ಹಿಡ್ಕೊಂಡು ಅದೇ ಮನೆಗಳ ಬಾಗಿಲು ತಟ್ತೀನಿ. ಗೆಲ್ತೀನಿ."

ಈಗ ಚಪ್ಪಾಳೆ ಬಿತ್ತು. ಸೋಮಶೇಖರ್ ಕೂಡ ತಟ್ಟಿದ. ಚಪ್ಪಾಳೆ ನಿಂತರೂ ಪುಟ್ಟತಾಯಮ್ಮ ಕೂರಲಿಲ್ಲ. ಸೆರಗು ಸರಿಪಡಿಸಿಕೊಂಡು ವೀರಭದ್ರಸ್ವಾಮಿಯವರ ಕಡೆ ತಿರುಗಿದಳು.

"ಸ್ವಾಮಿ, ಓದ್ಸಲ ಎಲೆಕ್ಷನ್ನಾಗೆ ನಮ್ಮ ಬೀದಿಗೆ ಬಂದು ನೀವೂ ಒಂದು ಮಾತು ಕೊಟ್ಟಿದ್ರಿ."

ವೀರಭದ್ರಸ್ವಾಮಿಯವರು ನೀರಿನ ಬಾಟಲಿಗೆ ಕೈ ಚಾಚಿದರು. ಜಮೀಲುನ್ನೀಸಾ ಮೈಕನ್ನು ಸ್ಟ್ಯಾಂಡಿನಿಂದ ಬಿಡಿಸಿ, ಅದೇ ಕೈಗೆ ಕೊಟ್ಟಳು.