ಎಣ್ಣೆ ಉಳಿತಾಯ

ಉತ್ತರದ ಹಿಮದಲ್ಲಿ ಹುದುಗಿದ್ದ ಆ ಎಣ್ಣೆಬಾವಿಯ ಊರಿಗೆ ರಾಜಧಾನಿಯ ಸಾಹೇಬರು ಒಂದು ದಿನದ ತಪಾಸಣೆಗೆ ಬಂದಿದ್ದರು. ಸಂಜೆಯ ವಿಮಾನ ಹಿಡಿದರೆ ಮಾತ್ರ ಮರುದಿನ ಮಗಳ ಮದುವೆಗೆ ತಲುಪಬಹುದಿತ್ತು. ಕಚೇರಿಯೆದುರು ಊರಿನ ಅಷ್ಟೂ ಗಾಡಿಗಳು ಚಾಲಕರಿಲ್ಲದೆ ಗುರುಗುಟ್ಟುತ್ತ ನಿಂತಿದ್ದು ಕಂಡು ಅವರ ಪಿತ್ತ ನೆತ್ತಿಗೇರಿತು.

“ಬಾವಿ ಪಕ್ಕದಲ್ಲೇ ಇದೆ ಅಂತ ಹೀಗೆ ಎಣ್ಣೆ ಸುಡೋದಾ? ಇದೇನು ನಿಮ್ಮಪ್ಪನ ಮನೆ ಗಂಟಾ?”

“ಅದಲ್ಲ ಸಾಹೇಬ್ರೆ, ಇಲ್ಲಿಯ ಚಳೀಲಿ…” ಎಂದ ಚಾಲಕ ಯೆಗೋರ್.

“ಬಾಯ್ಮುಚ್ಚು! ನನಗೇ ಪಾಠ ಹೇಳ್ತೀಯಾ?”

ಆದರ್ಶ ತಮ್ಮಿಂದಲೇ ಶುರುವಾಗಲೆಂದು ಸಾಹೇಬರು ಮೊದಲು ತಮಗೆ ಕೊಟ್ಟಿದ್ದ ಗಾಡಿಯ ಎಂಜಿನ್ನನ್ನೇ ಆರಿಸಿದರು. ಆಮೇಲೆ ಉಳಿದವನ್ನೂ ಒಂದೊಂದಾಗಿ ಆರಿಸಿದರು. ಆ ಊರು ಚಳಿಗಾಲದಲ್ಲಿ ಎಂದೂ ಕೇಳದಂಥ ಮೌನ ಕವಿಯಿತು. ಕೆಲಸಗಾರರು ಹೆಣದೆದುರು ನಿಂತವರಂತೆ ಟೋಪಿ ತೆಗೆದು ತಲೆತಗ್ಗಿಸಿ ನಿಂತರು. ಅದನ್ನು ಸಾಹೇಬರು ಗೌರವವೆಂದೇ ಬಗೆದರು.

ಶಿಸ್ತಿನ ಬಗ್ಗೆ ದೀರ್ಘ ಭಾಷಣ ಬಿಗಿದು, ಗಡದ್ದಾಗಿ ಊಟ ಮುಗಿಸಿ ಹೊರಬಂದರು.

“ನಡಿಯಪ್ಪಾ, ವಿಮಾನಕ್ಕೆ ಹೊತ್ತಾಯ್ತು. ಗಾಡಿ ಸ್ಟಾರ್ಟ್ ಆಗ್ತದೆ ತಾನೇ?”

“ಎಲ್ಲಾ ಗಾಡೀಲೂ ಎಣ್ಣೆ ಹೆಪ್ಪುಗಟ್ಟಿದೆ ಸಾಹೇಬ್ರೆ. ಆದ್ರೂ ಸ್ಟಾರ್ಟ್ ಆಗ್ತದೆ,” ಎಂದು ಯೆಗೋರ್ ವಿನಯದಿಂದ ಹೇಳಿದ, “ಮೇ ತಿಂಗಳಲ್ಲಿ.”