ಡಿವಿನಾಳ ಸರದಿ

ಸಾಲಿನಲ್ಲಿ ಇನ್ನಿಬ್ಬರು ಮುಗಿದರೆ ಡಿವಿನಾಳ ಸರದಿ. ತಾಯಿ ಆರ್ಲಿನ್ ಎರಡು ಹೆಜ್ಜೆ ಹಿಂದೆ ನಿಂತು ಮಗಳನ್ನೇ ನೋಡುತ್ತಿದ್ದಳು.

ಅಜ್ಜಿ ಸೆಫೆರಿನಾಗೆ ಅಂದು ಎಂಬತ್ತು ತುಂಬಿತ್ತು. ಅಂಗಳದ ನಡುವೆ ಬೆತ್ತದ ಕುರ್ಚಿಯಲ್ಲಿ ಕೂತು ಬಲಗೈ ಚಾಚಿದ್ದಳು. ಎಂದೋ ಬಾಗಿಲಿಗೆ ಸಿಕ್ಕು ಮುರಿದ ಕಿರುಬೆರಳು ಮಡಚದೆ ಸೆಟೆದು ನಿಂತಿತ್ತು. ಮೊಮ್ಮಕ್ಕಳು ಬಗ್ಗಿ ಆ ಕೈಯನ್ನು ಹಣೆಗೆ ಒತ್ತಿಕೊಳ್ಳುವುದು, ಅಜ್ಜಿ "ದೇವರು ಒಳ್ಳೇದು ಮಾಡ್ಲಿ ಮಗಾ" ಎಂದು ಸಣ್ಣಗೆ ಕೆಮ್ಮುವುದು. ನಮ್ಮ ಇಲೋಯ್ಲೋ ಸೀಮೆಯಲ್ಲಿ ನಡೆಯಲು ಕಲಿತ ಕೂಸಿಗೂ ಈ ಪದ್ಧತಿ ಗೊತ್ತು. ಒಂಬತ್ತು ವರ್ಷದ ಡಿವಿನಾ ಮಾತ್ರ ಒಮ್ಮೆಯೂ ಮಾಡಿದವಳಲ್ಲ. ಹೋದ ವರ್ಷ ಅಜ್ಜಿ ಅವಳ ತಲೆ ಹಿಡಿದು ಬಗ್ಗಿಸಲು ಹೋಗಿ ಕೈ ಕಚ್ಚಿಸಿಕೊಂಡಿದ್ದಳು. ಮಗುವಿಗೆ ಆಟಿಸಂ ಇದೆ, ಯಾರಾದರೂ ಹಿಡಿದರೆ ತಡೆಯಲಾರಳು ಅಂತ ಆರ್ಲಿನ್ ಎಷ್ಟು ಹೇಳಿದರೂ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

"ಈ ಸಲಾನೂ ಎಲ್ರ ಮುಂದೆ ನನ್ನ ಮರ್ಯಾದೆ ತೆಗೆದ್ರೆ, ಮತ್ತೆ ಅವಳನ್ನ ಈ ಹೊಸ್ತಿಲು ಹತ್ತಿಸ್ಬೇಡ" ಎಂದು ಸೆಫೆರಿನಾ ಸೊಸೆಗೆ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದ್ದಳು. ಗಂಡ ಹಡಗಿನಲ್ಲಿ ದುಡಿಯಲು ಹೋದವನು. ಆರ್ಲಿನ್‌ಗೆ ತನ್ನವರು ಅಂತ ಇದ್ದದ್ದು ಈ ಮನೆಯೊಂದೇ.

ಮನಸ್ಸು ಬಿಚ್ಚಲು ಇನ್ನೊಂದು ಜಾಗವಿತ್ತು, ಇಂಥ ಮಕ್ಕಳ ತಾಯಂದಿರ ಶನಿವಾರದ ಗುಂಪು. ಮೊದಲ ದಿನವೇ ಅಲ್ಲಿನ ಟೀಚರ್ ಒಫೆಲಿಯಾ ಮಗುವಿನ ವಿಷಯ ಬಿಟ್ಟು, "ನೀನು ನಿದ್ದೆ ಮಾಡ್ತಿದ್ಯೇನಮ್ಮಾ?" ಎಂದು ಕೇಳಿದ್ದಳು. ಆರ್ಲಿನ್ ಗಂಟೆಗಟ್ಟಲೆ ಅತ್ತಿದ್ದಳು. ಆಮೇಲೆ ಟೀಚರ್ ಹೇಳಿದ್ದು ಇಷ್ಟೇ: "ಎಳೀಬೇಡ. ದೂರ ಕೂರಿಸು, ನೋಡ್ಲಿ. ಅವಳು ನೋಡ್ತಿಲ್ಲ ಅಂತ ಮಾತ್ರ ಅಂದ್ಕೋಬೇಡ." ಅದರಂತೆ ಎಂಟು ಭಾನುವಾರ, ಉಳಿದ ಮೊಮ್ಮಕ್ಕಳು ಅಜ್ಜಿಯ ಕೈ ಹಣೆಗೊತ್ತಿಕೊಳ್ಳುವಾಗ, ಡಿವಿನಾ ಇದೇ ಅಂಗಳದ ಮೂಲೆಯಲ್ಲಿ ಕೂತು ಬಾಟಲಿ ಮುಚ್ಚಳ ತಿರುಗಿಸಿದ್ದಳು. ತಲೆ ಎತ್ತಿದ್ದನ್ನು ಯಾರೂ ಕಂಡಿರಲಿಲ್ಲ.

"ಅಮ್ಮಾ, ಕೈ ಹುಷಾರು! ಹಲ್ಲು ಬಂತು!" ಮೈಕು ಹಿಡಿದಿದ್ದ ಮೈದುನ ದೊದೊಂಗ್ ಕೂಗಿದ. ಎಲ್ಲರೂ ನಕ್ಕರು.

"ಒಂದೇ ಒಂದು ನಿಮಿಷ ಆ ಕರೋಕೆ ಹಾಡು ನಿಲ್ಸಪ್ಪಾ, ನಿನ್ನ ದಮ್ಮಯ್ಯ" ಎಂದಳು ಆರ್ಲಿನ್. ಹಾಡು ನಿಂತಿತು.

ಡಿವಿನಾ ಬಂದಳು. ಅಜ್ಜಿಯ ಕೈ ಮುಟ್ಟಲಿಲ್ಲ. ಕುರ್ಚಿಯ ಕಾಲನ್ನೇ ನೋಡುತ್ತಾ ತನ್ನ ಬಲಗೈಯನ್ನು ಅಂಗೈ ಕೆಳಗಾಗಿ ಅಜ್ಜಿಯ ಮುಖದ ಮುಂದೆ ಚಾಚಿದಳು.

"ಅಯ್ಯೋ ದೇವರೇ! ದೊಡ್ಡವರಿಗೇ ತನ್ನ ಕೈ ಹಣೆಗೊತ್ಕೊಳ್ಳಿ ಅಂತಾಳಲ್ಲ!" ಯಾರೋ ಹೆಂಗಸು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. ಮಗಳನ್ನು ಹಿಂದಕ್ಕೆಳೆಯಲು ಮುನ್ನುಗ್ಗಿದ ಆರ್ಲಿನ್, ಟೀಚರ್ ಮಾತು ನೆನಪಾಗಿ ಅಲ್ಲೇ ನಿಂತಳು.

ಅಜ್ಜಿ ಆ ಪುಟ್ಟ ಕೈಯನ್ನೇ ನೋಡುತ್ತಿದ್ದಳು. ನಾಲ್ಕು ಬೆರಳು ಸಡಿಲವಾಗಿ ಇಳಿಬಿದ್ದಿದ್ದವು. ಕಿರುಬೆರಳು ಮಾತ್ರ ಮಡಚದೆ ಸೆಟೆದು ನಿಂತಿತ್ತು.

"ಇದು ನನ್ನ ಕೈ ಕಣ್ರೋ..." ಎಂದಳು ಅಜ್ಜಿ. "ಯಾರೂ ಅವಳನ್ನ ಮುಟ್ಬೇಡಿ."

ನೋಯುವ ಮಂಡಿ ಹಿಡಿದು ಎದ್ದಳು. ಎಂಬತ್ತರ ಬೆನ್ನು ಬಗ್ಗಿತು, ಸುಕ್ಕುಗಟ್ಟಿದ ಹಣೆ ಆ ಕೈಗೆ ತಾಗಿತು. ಡಿವಿನಾ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.

"ದೇವರು ಒಳ್ಳೇದು ಮಾಡ್ಲಿ ಮಗಾ" ಎಂದಳು ಡಿವಿನಾ. ಆಮೇಲೆ ಸಣ್ಣಗೆ ಕೆಮ್ಮಿದಳು.

ಮಗಳ ಬಾಯಲ್ಲಿ ಇಷ್ಟುದ್ದದ ಮಾತನ್ನು ಆರ್ಲಿನ್ ಎಂದೂ ಕೇಳಿರಲಿಲ್ಲ. ಅಜ್ಜಿ ಬಗ್ಗಿದವಳು ಏಳಲೇ ಇಲ್ಲ.

"ಅಮ್ಮಾ, ಸೊಂಟ ಹಿಡ್ಕೊಳ್ಳುತ್ತೆ, ಏಳು" ಎಂದ ದೊದೊಂಗ್.

"ಸುಮ್ನಿರೋ" ಎಂದಳು ಅಜ್ಜಿ, ಹಣೆ ಎತ್ತದೆಯೇ. "ಆರ್ಲಿನ್, ಇವಳನ್ನ ದಿನಾ ಕರ್ಕೊಂಡ್ ಬಾ. ನಮ್ಮಮ್ಮ ಹೋದ್ಮೇಲೆ ನನಗೆ ಹೀಗೆ ಅಂದೋರೇ ಇರ್ಲಿಲ್ಲ ಕಣೇ."