ಇಪ್ಪತ್ತೊಂದು ದಿನದ ಕಾವು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೂ ನನ್ನ ನೆತ್ತಿಯ ಮೇಲೆ ಕೋಳಿ ಕಾವು ಕೂರಲಿ. ಅಲ್ಲಿ ಜಾಗಕ್ಕೇನೂ ಬರವಿಲ್ಲ.

"ನಿಮ್ಮ ಕಾವಿನ ಮಿಷನ್ ಕೆಟ್ಟಿಲ್ಲ, ಕೋಳಿಮಾವ," ಎಂದ ಎದುರುಮನೆಯ ಟೈಲರ್, ಕಿಟಕಿಯ ಸರಳಿಗೆ ಮೂಗು ಒತ್ತಿ. "ಕಣ್ಣಾರೆ ಕಂಡೆ. ನಿಮ್ಮ ಮನೆಯವ್ರೂ ಅವರ ತಮ್ಮನೂ ಸೇರಿ ಬೆಡ್‌ಶೀಟ್ ಸುತ್ತಿ ಹಿಂದಿನ ಬಾಗಿಲಿಂದ ಸಾಗಿಸಿದ್ರು."

ಕೋಳಿಮಾವ ಮಂಚದ ಮೇಲೆ ಅಂಗಾತ ಮಲಗಿದ್ದ. ಹೊಟ್ಟೆಯ ಮೇಲೆ ಹತ್ತಿ ತುಂಬಿದ ಚೀಲ, ಚೀಲದಲ್ಲಿ ಆರು ಮೊಟ್ಟೆ, ಮೇಲೆರಡು ಕಂಬಳಿ.

"ಮೆಲ್ಲಗೆ ಮಾತಾಡಪ್ಪ," ಎಂದ. "ಮರಿಗಳಿಗೆ ಕೇಳ್ಸುತ್ತೆ."

ಅವನು ಹದಿನೆಂಟು ವರ್ಷದಿಂದ ಸಿಲ್ಕಿ ಕೋಳಿ ಸಾಕಿದವನು. ಹಿಂಜಿದ ಹತ್ತಿಯಂಥ ಪುಕ್ಕ, ಕಪ್ಪು ಚರ್ಮ, ಕಾಲಿಗೆ ಐದೈದು ಬೆರಳು. ನಾಲ್ಕೇ ಬೆರಳಿನ ಮರಿ ಹುಟ್ಟಿದರೆ ಆ ದಿನ ಅವನಿಗೆ ಊಟ ಸೇರುತ್ತಿರಲಿಲ್ಲ. ಮೊನ್ನೆ ಮೊನ್ನೆ ಅವನ ಹಳೆಯ ಹುಂಜ ಸತ್ತಿತು. ಅದರ ವಂಶದಲ್ಲಿ ಉಳಿದದ್ದು ಬೆಳ್ಳಕ್ಕ ಎಂಬ ಬಿಳಿ ಹೇಂಟೆ ಇಟ್ಟಿದ್ದ ಆರು ಮೊಟ್ಟೆ ಮಾತ್ರ. ಅವು ಹೋದರೆ ಹದಿನೆಂಟು ವರ್ಷವೂ ಹೋದಂತೆ.

ಬೆಳ್ಳಕ್ಕ ಕಾವು ಕೂತಳು. ಆದರೆ ಇಪ್ಪತ್ತೊಂದು ದಿನಕ್ಕೆ ಸರಿಯಾಗಿ ಕೋಳಿಗಳ ಅಂದದ ಸ್ಪರ್ಧೆ. ಕಾವು ಕೂತ ಕೋಳಿ ಎದೆಯ ಪುಕ್ಕ ಕಿತ್ತುಕೊಂಡು ಒಣಗಿದ ಪೊರಕೆಯಂತಾಗುತ್ತದೆ. ಅದನ್ನು ಯಾವ ತೀರ್ಪುಗಾರನೂ ತಿರುಗಿ ನೋಡುವುದಿಲ್ಲ. ಕೋಳಿಮಾವ ಯೋಚಿಸುತ್ತ ಗೂಡು ತೊಳೆದ. ತೊಳೆಯುವಾಗ ಎರಡು ಸಲ ಗೋಡೆ ಹಿಡಿದು ನಿಂತ.

ಆಗ ಹೆಂಡತಿ ಬಂದು ಹೇಳಿದ್ದಳು: "ರೀ, ಕಾವಿನ ಮಿಷನ್ ಕೆಟ್ಟಿದೆ. ಬೆಳ್ಳಕ್ಕನ್ನ ನಾನು ರೆಡಿ ಮಾಡ್ತೀನಿ. ಮೊಟ್ಟೆಗೆ ಬೇರೆ ಯಾರಾದ್ರೂ ಕಾವು ಕೊಡ್ಬೇಕು."

"ಯಾರು?"

ಅವಳು ಅವನ ಹೊಟ್ಟೆ ನೋಡಿದಳು. "ಇಷ್ಟು ವರ್ಷ ಬೆಳೆಸಿದ್ದೀರಲ್ಲ. ಒಂದ್ಸಲವಾದ್ರೂ ಉಪಯೋಗಕ್ಕೆ ಬರ್ಲಿ."

ಚೀಲ ಕಟ್ಟಿದವಳೂ ಅವಳೇ, ಕಾಯಿದೆ ಮಾಡಿದವಳೂ ಅವಳೇ. ಕೋಳಿ ದಿನಕ್ಕೆ ಒಂದು ಸಲ ಏಳುತ್ತದೆ; ಗಂಡನಿಗೆ ಮೂರು ಸಲ. ಏಳನೆಯ ದಿನ ಮೊಟ್ಟೆಗಳನ್ನು ಕತ್ತಲೆ ಮಾಡಿದ ಬಚ್ಚಲಿಗೆ ಒಯ್ದು, ಟಾರ್ಚ್ ಹಿಡಿದು ನೋಡಿ ಬಂದಳು.

"ಆರರಲ್ಲೂ ನರ ಮೂಡಿದೆ, ಜೇಡರಬಲೆ ತರ."

"ನಾನೂ ನೋಡ್ತೀನಿ, ತಗೊಂಡು ಬಾರೇ."

"ಸುಮ್ನೆ ಮಲಗ್ರೀ. ತಾಯಿಕೋಳಿ ಟಾರ್ಚ್ ಹಾಕಿ ನೋಡುತ್ತಾ?"

ಕಿಟಕಿಯಾಚೆ ಬೆಳ್ಳಕ್ಕನ ಸ್ನಾನಕ್ಕೆ ಮೂರು ಟಬ್ಬು. ಮೊದಲನೆಯದರಲ್ಲಿ ಮಕ್ಕಳ ಶಾಂಪೂ, ಎರಡನೆಯದರಲ್ಲಿ ನಾಲ್ಕು ಹನಿ ವಿನಿಗರ್, ಮೂರನೆಯದರಲ್ಲಿ ಬರೀ ನೀರು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹತ್ತೂ ಬೆರಳು ತಿಕ್ಕಬೇಕು, ಕಣ್ಣಿಗೆ ಬೀಳುವ ಜುಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ಎತ್ತಿ ಕಟ್ಟಬೇಕು. ಆಮೇಲೆ ಹೇರ್ ಡ್ರೈಯರ್. ಆ ಬಿಸಿಗಾಳಿಗೆ ಬೆಳ್ಳಕ್ಕ ನಿದ್ದೆ ಹೋಗುತ್ತಿದ್ದಳು. ನಿಂತು ನಿಂತು ಹೆಂಡತಿಯ ಕಾಲು ಊದುತ್ತಿತ್ತು. ಅದರ ಮೇಲೆ ಇನ್ನೂ ಮೂವತ್ತು ನಾಟಿ ಕೋಳಿಗಳ ಮೇವು, ನೀರು, ಹಿಕ್ಕೆ.

ಮೊದಲ ವಾರ ಕೋಳಿಮಾವ ಮಲಗಿದಲ್ಲಿಂದಲೇ ಕೂಗುತ್ತಿದ್ದ: "ಬಿಸಿ ಕಮ್ಮಿ ಮಾಡೇ! ಅದು ಕೋಳಿ, ಇಸ್ತ್ರಿ ಬಟ್ಟೆಯಲ್ಲ!" ಎರಡನೆಯ ವಾರ ಕೂಗು ನಿಂತಿತು.

ಬಾಮೈದ ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. "ಭಾವ, ಒಂದ್ಸಲ ಕೊಕ್ಕೊಕ್ಕೋ ಅನ್ನಿ, ಕೇಳೋಣ." ನಕ್ಕು ಮುಗಿಯುವ ಮೊದಲೇ ಎದ್ದುಬಿಡುತ್ತಿದ್ದ. "ಬರ್ತೀನಿ. ಕರೆಂಟ್ ಹೋದ್ರೆ ಕಷ್ಟ."

"ನೋಡಿದ್ರಾ?" ಎನ್ನುತ್ತಿದ್ದ ಟೈಲರ್. "ಇವತ್ತು ಮಿಷನ್ನು, ನಾಳೆ ಕೋಳಿ, ನಾಡಿದ್ದು ಗೂಡು. ನಿಮ್ಮನ್ನ ಮಂಚಕ್ಕೆ ಹೊಲಿದುಬಿಟ್ಟಿದ್ದಾರೆ. ನನ್ನ ಹೊಲಿಗೆಗಿಂತ ಗಟ್ಟಿ."

ಕೋಳಿಮಾವ ಮೊಟ್ಟೆಗಳನ್ನು ಮಗ್ಗುಲು ತಿರುಗಿಸುತ್ತಿದ್ದ.

ಇಪ್ಪತ್ತೊಂದನೆಯ ದಿನ ಸಂಜೆ ಹೆಂಡತಿ ಸ್ಪರ್ಧೆಯಲ್ಲಿ ಕಪ್ಪು ಗೆದ್ದು ಬಂದಳು. ಅದರ ಮೇಲೆ ಅವಳದೇ ಹೆಸರು. ಟೈಲರ್ ಬೀದಿಗೆಲ್ಲ ಕೇಳುವಂತೆ ಓದಿದ.

ಅವಳು ಕಪ್ಪನ್ನು ನೆಲದ ಮೇಲಿಟ್ಟು ಮಂಚದ ತುದಿಯಲ್ಲಿ ಕೂತಳು. ಗಂಡ ಚೀಲದ ಮೇಲೆ ಕೈಯಿಟ್ಟಿದ್ದ. ಆರೂ ಮೊಟ್ಟೆ ಕಲ್ಲಿನಂತೆ ಸುಮ್ಮನಿದ್ದವು.

"ಅದರಲ್ಲಿ ಏನೂ ಇಲ್ಲ ರೀ," ಎಂದಳು. "ಹುಂಜದ ಮುಖವನ್ನೇ ನೋಡದ ಹೇಂಟೆಗಳ ಮೊಟ್ಟೆ ಅವು. ವರ್ಷಗಟ್ಟಲೆ ಕೂತ್ರೂ ಮರಿ ಆಗಲ್ಲ."

ಬಾಗಿಲಲ್ಲಿ ಬಾಮೈದ ರಟ್ಟಿನ ಡಬ್ಬಿ ಹಿಡಿದು ನಿಂತಿದ್ದ. ಡಬ್ಬಿ ಚಿಂವ್ ಎಂದಿತು.

"ಬೆಳ್ಳಕ್ಕನ ಮೊಟ್ಟೆ ಇವನ ಮನೇಲಿ, ಮಿಷನ್ನಲ್ಲಿತ್ತು. ಐದು ಮರಿ ಆಗಿವೆ. ಎಲ್ಲಕ್ಕೂ ಐದೈದು ಬೆರಳು." ಅವಳು ತಮ್ಮನ ಕೈಯಿಂದ ಡಬ್ಬಿ ತೆಗೆದುಕೊಂಡು ಮಂಚದ ಮೇಲಿಟ್ಟಳು. "ನಿಮ್ಮ ಹಾರ್ಟ್ ಸೋತಿದೆ, ಮೂರು ವಾರ ಮಂಚ ಬಿಟ್ಟು ಏಳ್ಬಾರ್ದು ಅಂತ ನನ್ನ ಹತ್ರ ಹೇಳಿದ್ರು ಡಾಕ್ಟ್ರು. ನಿಮಗಂತ ಹೇಳಿದ್ರೆ ಮಲಗ್ತಿದ್ರಾ? ಕೋಳಿಗಂತ ಹೇಳಿದ್ರೆ ಮಲಗ್ತೀರಿ."

ಕೋಳಿಮಾವ ಒಂದು ಮರಿಯನ್ನು ಅಂಗೈಗೆ ತೆಗೆದುಕೊಂಡು ಬೆರಳು ಎಣಿಸಿದ. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ಎಂಟನೇ ದಿನ ನೀನು ಸ್ನಾನಕ್ಕೆ ಹೋದಾಗ ಟಾರ್ಚ್ ಹಾಕಿ ನೋಡ್ದೆ," ಎಂದ. "ಆರೂ ಖಾಲಿ."

"ಮತ್ತೆ... ಹದಿಮೂರು ದಿನ ಯಾಕ್ರೀ ಮಲಗಿದ್ರಿ?"

"ಸುಸ್ತಾಗಿತ್ತು ಕಣೇ. ಹದಿನೆಂಟು ವರ್ಷದಿಂದ ಮಲಗೋಕೊಂದು ನೆಪ ಹುಡುಕ್ತಿದ್ದೆ. ನೀನಾಗೇ ಕೊಟ್ಟೆ, ಅದಕ್ಕೇ ನಾನು ಬಾಯಿ ಮುಚ್ಕೊಂಡು—"

ಹೆಂಡತಿ ಪೂರ್ತಿ ಕೇಳಲಿಲ್ಲ. ಆರು ಮೊಟ್ಟೆಯ ಚೀಲವನ್ನು ಅವನ ಹೊಟ್ಟೆಯಿಂದ ಬಿಚ್ಚಿ, ತನ್ನ ಹೊಟ್ಟೆಗೆ ಕಟ್ಟಿಕೊಂಡು, ಒಳಕೋಣೆಗೆ ಹೋಗಿ ಮಲಗಿಬಿಟ್ಟಳು.